ಮಹಿಳೆಯರ ಆರ್ಥಿಕ ಸ್ವಾವಲಂಬನೆಯ ಕಾರ್ಯಕ್ರಮಗಳಿಗೆ ಅನುದಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಹಿಳೆಯರ ದುಡಿಮೆ, ಉಳಿತಾಯ, ಸಣ್ಣ ಉದ್ಯಮಗಳ ಸುತ್ತ ಕೆಲಸ ಮಾಡುವ ಸಮುದಾಯ ಸಂಸ್ಥೆಗಳು ಅನುದಾನದ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಕೆಲವು ಅರ್ಜಿ ಹಾಕುವ ಮುಂಚಿನವು, ಕೆಲವು ಹಣ ಬಂದ ಮೇಲಿನವು. ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ: ದಾನಿಯ ಅರ್ಜಿ ನಮೂನೆ ನೋಡಿಕೊಂಡು ಕಾರ್ಯಕ್ರಮ ಕಟ್ಟಬಾರದು. ಕಾರ್ಯಕ್ರಮ ಯಾರಿಗಾಗಿಯೋ ಆ ಹೆಣ್ಣುಮಗಳ ದಿನಚರಿ ಹೇಗಿದೆ, ದುಡಿದ ಹಣದಲ್ಲಿ ಅವಳ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬಲ್ಲಿಂದ ಶುರುಮಾಡಿ, ಆಮೇಲೆ ನಮೂನೆ ತುಂಬಬೇಕು.

### ಅನುದಾನಕ್ಕೂ ಸಾಲಕ್ಕೂ ದೇಣಿಗೆಗೂ ಏನು ವ್ಯತ್ಯಾಸ?

ಅನುದಾನವನ್ನು ಮರಳಿಸಬೇಕಿಲ್ಲ. ಆದರೆ ಒಪ್ಪಂದದಲ್ಲಿ ಬರೆದ ಕೆಲಸಕ್ಕೆ, ಬರೆದ ಅವಧಿಯೊಳಗೆ, ಬರೆದ ಬಾಬ್ತುಗಳಿಗೇ ಅದನ್ನು ಖರ್ಚು ಮಾಡಬೇಕು. ಹಣ ಉಳಿದರೆ ಸಾಮಾನ್ಯವಾಗಿ ವಾಪಸ್ ಕೊಡಬೇಕು, ಇಲ್ಲವೇ ದಾನಿಯ ಲಿಖಿತ ಒಪ್ಪಿಗೆ ಪಡೆದು ಮುಂದಿನ ಅವಧಿಗೆ ಒಯ್ಯಬೇಕು. ದೇಣಿಗೆಗೆ ಇಷ್ಟು ಕಟ್ಟುಪಾಡಿಲ್ಲ. ಸಾಲಕ್ಕಂತೂ ಬಡ್ಡಿ, ಕಂತು ಎಲ್ಲ ಇರುತ್ತವೆ.

ಸಾಲ ಕೊಟ್ಟರೆ ಸಾಲದೇ, ಅನುದಾನ ಯಾಕೆ ಎಂದು ಕೇಳುವವರೂ ಇದ್ದಾರೆ. ಕಿರುಸಾಲದ ಪರಿಣಾಮವನ್ನು ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ ಈ ಆರು ದೇಶಗಳಲ್ಲಿ ಅಳೆದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಸಾಲದಿಂದ ಸ್ವಲ್ಪ ಅನುಕೂಲವಾಗುತ್ತದೆ, ಬದುಕೇ ಬದಲಾಗುವಷ್ಟೇನೂ ಆಗುವುದಿಲ್ಲ ಎಂಬುದು ಅವುಗಳ ಒಟ್ಟು ಸಾರ. ಈಗಾಗಲೇ ವ್ಯಾಪಾರ ನಡೆಸುತ್ತಿರುವವಳಿಗೆ ಸಾಲ ಉಪಯುಕ್ತ. ಕೈಯಲ್ಲಿ ಏನೂ ಇಲ್ಲದವಳ ಮೇಲೆ ಮೊದಲ ವಾರದಿಂದಲೇ ಕಂತಿನ ಹೊರೆ ಹೊರಿಸುವುದು ನ್ಯಾಯವಲ್ಲ. ಆ ಮೊದಲ ಹೆಜ್ಜೆಗೆ ಬೇಕಾಗುವುದು ಅನುದಾನ.

### ಒಬ್ಬ ಮಹಿಳೆ ಸ್ವಾವಲಂಬಿಯಾದಳು ಎಂದು ಯಾವ ಅಳತೆಯಿಂದ ಹೇಳುವುದು?

ಅನುದಾನ ಕೇಳಿ ಬರೆಯುವ ಬಹುಪಾಲು ಪ್ರಸ್ತಾವನೆಗಳು ಸೋಲುವುದು ಇಲ್ಲೇ. "ಮಹಿಳೆಯರು ಸಬಲರಾಗುತ್ತಾರೆ" ಎಂದು ಬರೆದು ಮುಂದೆ ಹೋಗುತ್ತಾರೆ. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಬಡತನ ರೇಖೆಯನ್ನು ದಾಟಿಬಿಟ್ಟರೆ ಸಾಕು ಎನ್ನುವಂತಿಲ್ಲ. ಅಮೆರಿಕದ ಸಂಶೋಧಕಿ ಡಯಾನಾ ಪಿಯರ್ಸ್ 1990ರ ದಶಕದಲ್ಲಿ ರೂಪಿಸಿದ ಸ್ವಾವಲಂಬನಾ ಮಾನದಂಡ ಈ ವಿಷಯದಲ್ಲಿ ಒಳ್ಳೆಯ ದಾರಿ ತೋರಿಸುತ್ತದೆ. ಸರ್ಕಾರದ ಅಥವಾ ಬೇರೆಯವರ ನೆರವಿಲ್ಲದೆ ಒಂದು ಕುಟುಂಬ ಬದುಕಲು ಎಷ್ಟು ಆದಾಯ ಬೇಕು ಎಂದು ಅದು ಕೇಳುತ್ತದೆ. ಬಾಡಿಗೆ, ಊಟ, ಮಕ್ಕಳ ಆರೈಕೆ, ಓಡಾಟ, ಆರೋಗ್ಯ, ತೆರಿಗೆ ಎಲ್ಲವನ್ನೂ ಸೇರಿಸಿ, ಆಯಾ ಪ್ರದೇಶದ ಬೆಲೆಗಳಲ್ಲಿ, ಕುಟುಂಬದಲ್ಲಿ ಎಷ್ಟು ಜನ, ಮಕ್ಕಳಿಗೆ ಎಷ್ಟು ವಯಸ್ಸು ಎಂಬುದನ್ನೂ ನೋಡಿ ಲೆಕ್ಕ ಹಾಕುತ್ತದೆ. ಇಬ್ಬರು ಪುಟ್ಟ ಮಕ್ಕಳಿರುವ ಒಂಟಿ ತಾಯಿಗೆ ಬೇಕಾಗುವ ಆದಾಯವೇ ಬೇರೆ, ಮಕ್ಕಳು ದೊಡ್ಡವರಾದ ಮನೆಗೆ ಬೇಕಾಗುವುದೇ ಬೇರೆ.

ನಿಮ್ಮ ಪ್ರದೇಶಕ್ಕೆ ಇಂಥ ಲೆಕ್ಕ ಸಿದ್ಧವಾಗಿ ಸಿಗದಿದ್ದರೆ ಹತ್ತಾರು ಮಹಿಳೆಯರ ಜೊತೆ ಕುಳಿತು ತಿಂಗಳ ಖರ್ಚನ್ನು ಬರೆದುಕೊಳ್ಳಿ. ಆ ಒಂದು ಹಾಳೆ ನಿಮ್ಮ ಪ್ರಸ್ತಾವನೆಯ ಬೆನ್ನೆಲುಬಾಗುತ್ತದೆ. ಆದಾಯದ ಜೊತೆಗೆ ಇನ್ನೂ ಮೂರು ಸಂಗತಿ ಕೇಳಿ: ಅವಳ ಹೆಸರಿನಲ್ಲಿ ಉಳಿತಾಯ ಇದೆಯೇ, ಆ ಹಣವನ್ನು ಯಾರನ್ನೂ ಕೇಳದೆ ತೆಗೆಯಬಲ್ಲಳೇ, ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಸಾಲವಿಲ್ಲದೆ ಒಂದು ತಿಂಗಳು ತಳ್ಳಬಲ್ಲಳೇ.

### ಯಾವ ಯಾವ ಕೆಲಸಗಳಿಗೆ ಹಣ ಸಿಗುತ್ತದೆ?

ವೃತ್ತಿ ತರಬೇತಿ, ಉದ್ಯೋಗಕ್ಕೆ ಸೇರಿಸುವುದು, ಉದ್ಯಮಕ್ಕೆ ಆರಂಭಿಕ ಬಂಡವಾಳ, ಉಳಿತಾಯ ಗುಂಪುಗಳು, ಹಣಕಾಸು ಮತ್ತು ಡಿಜಿಟಲ್ ಸಾಕ್ಷರತೆ, ಉತ್ಪಾದಕರ ಸಹಕಾರ ಸಂಘ, ಮಾರುಕಟ್ಟೆ ಸಂಪರ್ಕ, ಶಿಶುಪಾಲನಾ ಕೇಂದ್ರ, ಆಸ್ತಿ ಮತ್ತು ಕೂಲಿಯ ಹಕ್ಕುಗಳಿಗೆ ಕಾನೂನು ನೆರವು. ಹೊಲಿಗೆ ಮತ್ತು ಬ್ಯೂಟಿಷಿಯನ್ ತರಬೇತಿಗೆ ಬರುವಷ್ಟು ಅರ್ಜಿಗಳು ಬೇರೆ ಯಾವುದಕ್ಕೂ ಬರುವುದಿಲ್ಲ ಎನಿಸುತ್ತದೆ. ಆ ಕಸುಬುಗಳು ಕೆಟ್ಟವೇನಲ್ಲ. ಆದರೆ ಒಂದೇ ಕಡೆ ಐವತ್ತು ಮಂದಿ ಒಂದೇ ಕಸುಬು ಕಲಿತರೆ ಗಿರಾಕಿ ಎಲ್ಲಿಂದ ಬರಬೇಕು? ಕಲಿಸುವ ಮೊದಲು ಕೊಳ್ಳುವವರು ಯಾರೆಂದು ಎಣಿಸಿ.

### ತರಬೇತಿ ಒಂದಿದ್ದರೆ ಸಾಕಾಗುವುದಿಲ್ಲವೇ?

ಹೆಚ್ಚಿನ ಸಲ ಸಾಕಾಗುವುದಿಲ್ಲ. ತೀರ ಬಡತನದಲ್ಲಿರುವವರಿಗಂತೂ ಖಂಡಿತ ಇಲ್ಲ.

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಆರಂಭಿಸಿದ ಕಾರ್ಯಕ್ರಮವನ್ನು ಈ ಕ್ಷೇತ್ರದಲ್ಲಿರುವ ಎಲ್ಲರೂ ತಿಳಿದಿರಬೇಕು. ಕಿರುಸಾಲದ ಗುಂಪುಗಳ ಹೊರಗೇ ಉಳಿದುಹೋದ ಕಡುಬಡವ ಮಹಿಳೆಯರನ್ನು ಹುಡುಕಿ, ಸುಮಾರು ಎರಡು ವರ್ಷ ಅವರ ಜೊತೆಗೆ ನಿಲ್ಲುವ ಕಾರ್ಯಕ್ರಮ ಅದು. ಮೊದಲು ದುಡಿಮೆಗೊಂದು ಆಸ್ತಿ, ಬಹುಪಾಲು ಜಾನುವಾರು. ಅದು ಫಲ ಕೊಡುವ ತನಕ ಹೊಟ್ಟೆಪಾಡಿಗೆ ಸಣ್ಣ ಭತ್ಯೆ. ಸಾಕಾಣಿಕೆಯ ತರಬೇತಿ, ಉಳಿತಾಯದ ಅಭ್ಯಾಸ, ಆರೋಗ್ಯದ ನೆರವು, ಜೊತೆಗೆ ಮನೆಗೇ ಬಂದು ವಿಚಾರಿಸಿಕೊಳ್ಳುವ ಕಾರ್ಯಕರ್ತೆ. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳ ನಡುವೆ ಇದೇ ಮಾದರಿಯನ್ನು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಹೊರಬಂತು. ಕಾರ್ಯಕ್ರಮ ಮುಗಿದು ಒಂದು ವರ್ಷವಾದ ಮೇಲೂ ಊಟ, ಖರ್ಚು, ಆಸ್ತಿ ಸುಧಾರಿಸಿಯೇ ಇದ್ದವು.

ಆ ಅಧ್ಯಯನದ ಇನ್ನೊಂದು ಪಾಠ ಹೊಂಡುರಾಸ್‌ನದು. ಅಲ್ಲಿ ಬಹಳಷ್ಟು ಕುಟುಂಬಗಳು ಕೋಳಿಗಳನ್ನು ಆರಿಸಿಕೊಂಡಿದ್ದವು. ರೋಗ ಬಂದು ಕೋಳಿಗಳು ಸತ್ತವು, ಲಾಭ ಕಾಣಲಿಲ್ಲ. ಮಾದರಿ ಎಷ್ಟೇ ಒಳ್ಳೆಯದಿರಲಿ, ಕೊಟ್ಟ ಆಸ್ತಿ ಆ ನೆಲದಲ್ಲಿ ಬದುಕುತ್ತದೆಯೇ, ಪಶುವೈದ್ಯರು ಕೈಗೆ ಸಿಗುತ್ತಾರೆಯೇ ಎಂದು ನೋಡದಿದ್ದರೆ ಎಲ್ಲವೂ ವ್ಯರ್ಥ. ಪ್ರಸ್ತಾವನೆಯಲ್ಲಿ ಅಪಾಯಗಳ ಪಟ್ಟಿ ಕೇಳುವುದು ಇದಕ್ಕೇ. ಅದನ್ನು ಕಾಟಾಚಾರಕ್ಕೆ ತುಂಬಬೇಡಿ.

ನೀವು ಸಣ್ಣ ಸಂಸ್ಥೆಯಾದರೆ ಇಷ್ಟೆಲ್ಲವನ್ನೂ ಒಬ್ಬರೇ ಮಾಡಬೇಕೆಂದಿಲ್ಲ. ಭತ್ಯೆ ಸರ್ಕಾರದ ಯೋಜನೆಯಿಂದ ಬರಲಿ, ಆರೋಗ್ಯ ಸೇವೆ ಹತ್ತಿರದ ಆಸ್ಪತ್ರೆಯದಾಗಲಿ. ಯಾರು ಯಾವುದನ್ನು ಹೊರುತ್ತಾರೆ ಎಂದು ಸ್ಪಷ್ಟವಾಗಿ ಬರೆದು ಅವರ ಒಪ್ಪಿಗೆ ಪತ್ರ ಲಗತ್ತಿಸಿದರೆ ಆಯಿತು.

### ಹಣವನ್ನು ಮಹಿಳೆಯ ಕೈಗೇ ಕೊಟ್ಟರೆ ಅದು ಅವಳಲ್ಲೇ ಉಳಿಯುತ್ತದೆಯೇ?

ಇದು ಕೇಳಲೇಬೇಕಾದ ಪ್ರಶ್ನೆ. ಕೇಳುವವರು ಕಡಿಮೆ.

ಶ್ರೀಲಂಕಾದಲ್ಲಿ ಸಣ್ಣ ವ್ಯಾಪಾರಿಗಳಿಗೆ ಅನುದಾನ ಕೊಟ್ಟು ನೋಡಿದ ಅಧ್ಯಯನವೊಂದರಲ್ಲಿ ಗಂಡಸರ ಅಂಗಡಿಗಳ ಲಾಭ ಏರಿತು, ಹೆಂಗಸರದು ಸರಾಸರಿಯಲ್ಲಿ ಏರಲಿಲ್ಲ. ಹೆಂಗಸರಿಗೆ ವ್ಯವಹಾರ ಬರುವುದಿಲ್ಲ ಎಂದು ತೀರ್ಮಾನಿಸಲು ಅನೇಕರಿಗೆ ಅಷ್ಟೇ ಸಾಕಾಗಿತ್ತು. ಆದರೆ ಶ್ರೀಲಂಕಾ, ಭಾರತ, ಘಾನಾದ ಅಂಕಿಅಂಶಗಳನ್ನು ಮತ್ತೆ ತೆರೆದು 2019ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. ಅವಳಿಗೆ ಬಂದ ಬಂಡವಾಳ ಮನೆಯ ಇನ್ನೊಬ್ಬರ, ಸಾಮಾನ್ಯವಾಗಿ ಗಂಡನ, ವ್ಯಾಪಾರಕ್ಕೆ ಹರಿದುಹೋಗುತ್ತಿತ್ತು. ಮನೆಯಲ್ಲಿ ವ್ಯಾಪಾರ ಮಾಡುವವಳು ಅವಳೊಬ್ಬಳೇ ಆಗಿದ್ದ ಕಡೆ ಗಂಡಸರಷ್ಟೇ ಲಾಭ ತೆಗೆದಿದ್ದಳು. ಕೊರತೆ ಇದ್ದದ್ದು ಅವಳ ಜಾಣ್ಮೆಯಲ್ಲಿ ಅಲ್ಲವೇ ಅಲ್ಲ.

ಹಾಗಾಗಿ ಹಣ ಹೇಗೆ ತಲುಪುತ್ತದೆ ಎಂಬುದನ್ನು ವಿನ್ಯಾಸದಲ್ಲೇ ತರಬೇಕು. ಮಧ್ಯಪ್ರದೇಶದಲ್ಲಿ ಉದ್ಯೋಗ ಖಾತ್ರಿಯ ಕೂಲಿಯನ್ನು ಮಹಿಳೆಯರ ಸ್ವಂತ ಖಾತೆಗೇ ಜಮಾ ಮಾಡಿ, ಆ ಖಾತೆಯನ್ನು ಬಳಸುವುದು ಹೇಗೆಂದು ಹೇಳಿಕೊಟ್ಟಾಗ ಅವರು ಹೊರಗೆ ದುಡಿಯುವುದು ಹೆಚ್ಚಾಯಿತು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಜಂಟಿ ಖಾತೆಯ ಬದಲು ಸ್ವಂತ ಖಾತೆ, ನಗದಿನ ಬದಲು ಸರಕು ಅಥವಾ ಉಪಕರಣ, ಒಂದೇ ಸಲ ದೊಡ್ಡ ಮೊತ್ತದ ಬದಲು ಹಂತ ಹಂತದ ಪಾವತಿ: ಇವುಗಳಲ್ಲಿ ಯಾವುದು ಒಳ್ಳೆಯದೆಂದು ಆ ಮಹಿಳೆಯರನ್ನೇ ಕೇಳಿ. ಯಾವ ದಾರಿಯಲ್ಲಿ ಬಂದ ಹಣ ತಮ್ಮ ಕೈಯಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

### ಮಕ್ಕಳ ಆರೈಕೆ, ಬಸ್ ಚಾರ್ಜು ಇವನ್ನೆಲ್ಲ ಬಜೆಟ್‌ನಲ್ಲಿ ಹಾಕಬಹುದೇ?

ಹಾಕಲೇಬೇಕು. ಪ್ರಪಂಚದಲ್ಲಿ ಸಂಬಳವಿಲ್ಲದ ಆರೈಕೆಯ ದುಡಿಮೆಯ ಒಟ್ಟು ಗಂಟೆಗಳಲ್ಲಿ ನಾಲ್ಕನೇ ಮೂರು ಭಾಗಕ್ಕಿಂತ ಹೆಚ್ಚು, ಅಂದರೆ ಶೇ. 76.2ರಷ್ಟು, ಹೆಂಗಸರ ಹೆಗಲ ಮೇಲಿದೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಅಂದಾಜು ಮಾಡಿತು. ಆರೈಕೆಯ ಹೊಣೆಯಿಂದಾಗಿ 70.8 ಕೋಟಿ ಮಹಿಳೆಯರು ದುಡಿಮೆಯ ಮಾರುಕಟ್ಟೆಯ ಹೊರಗೇ ಉಳಿದಿದ್ದಾರೆ ಎಂದು ಅದೇ ಸಂಘಟನೆ 2024ರಲ್ಲಿ ಹೇಳಿತು. ಮಗುವನ್ನು ನೋಡಿಕೊಳ್ಳುವವರಿಲ್ಲದೆ ತರಬೇತಿಗೆ ಬರಲಾಗದವಳ ಹೆಸರಿನ ಮುಂದೆ ಕೊನೆಗೆ "ಆಸಕ್ತಿ ಇಲ್ಲ, ಅರ್ಧಕ್ಕೇ ಬಿಟ್ಟರು" ಎಂಬ ಷರಾ ಬೀಳುತ್ತದೆ. ಇದು ಅವಳಿಗೆ ಮಾಡುವ ಅನ್ಯಾಯ.

ಆರೈಕೆ ಕೇಂದ್ರದ ಖರ್ಚು, ಓಡಾಟದ ಭತ್ಯೆ, ತರಬೇತಿಗೆ ಬಂದ ದಿನ ತಪ್ಪಿದ ಕೂಲಿಗೆ ಪರಿಹಾರ, ಮುಟ್ಟಿನ ದಿನಗಳಲ್ಲೂ ನೆಮ್ಮದಿಯಿಂದ ಬಳಸಬಹುದಾದ ಶೌಚಾಲಯ, ಅಂಗವಿಕಲ ಮಹಿಳೆಯರಿಗೆ ಬೇಕಾದ ಅನುಕೂಲಗಳು ಎಲ್ಲವನ್ನೂ "ಭಾಗವಹಿಸುವಿಕೆಯ ವೆಚ್ಚ" ಎಂಬ ಬಾಬ್ತಿನಡಿ ತೋರಿಸಿ. ಇದು ಯಾಕೆ ಎಂದು ದಾನಿ ಕೇಳಿದರೆ, ಇದಿಲ್ಲದಿದ್ದರೆ ತರಗತಿಯ ಅರ್ಧ ಕುರ್ಚಿ ಖಾಲಿ ಎಂದು ನೇರವಾಗಿ ಹೇಳಿ. ಸಮಯವನ್ನೂ ಅವರಿಗೆ ಒಗ್ಗುವಂತೆ ಇಡಿ. ಬೆಳಿಗ್ಗೆ ಒಂಬತ್ತಕ್ಕೆ ತರಗತಿ ಎಂದು ತೀರ್ಮಾನಿಸಿದವರು ಆ ಹೊತ್ತಿಗೆ ಮನೆಯಲ್ಲಿ ಏನೇನು ಕೆಲಸ ಇರುತ್ತದೆ ಎಂದು ಕೇಳಿರುವುದೇ ಇಲ್ಲ.

### ಇಂಥ ಕೆಲಸಗಳಿಗೆ ಯಾರು ಹಣ ಕೊಡುತ್ತಾರೆ?

ಸರ್ಕಾರದ ಇಲಾಖೆಗಳು, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ಖಾಸಗಿ ಮತ್ತು ಕುಟುಂಬ ಪ್ರತಿಷ್ಠಾನಗಳು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗಳು, ಸಮುದಾಯ ಪ್ರತಿಷ್ಠಾನಗಳು, ಸೇವಾ ಕ್ಲಬ್‌ಗಳು. ಇವುಗಳ ಜೊತೆಗೆ ಮಹಿಳಾ ನಿಧಿಗಳನ್ನು ಮರೆಯಬೇಡಿ. ಆಮ್‌ಸ್ಟರ್‌ಡಾಮ್‌ನ ಮಾಮಾ ಕ್ಯಾಶ್ 1983ರಲ್ಲಿ, ಅಮೆರಿಕದ ಗ್ಲೋಬಲ್ ಫಂಡ್ ಫಾರ್ ವಿಮೆನ್ 1987ರಲ್ಲಿ ಶುರುವಾದವು. ಘಾನಾದ ಅಕ್ರಾದಲ್ಲಿ ನೆಲೆಸಿರುವ ಆಫ್ರಿಕನ್ ವಿಮೆನ್ಸ್ ಡೆವಲಪ್‌ಮೆಂಟ್ ಫಂಡ್ 2000ದಲ್ಲಿ ಹುಟ್ಟಿತು. ಮಹಿಳೆಯರೇ ಕಟ್ಟಿದ, ಮಹಿಳೆಯರೇ ಮುನ್ನಡೆಸುವ ಗುಂಪುಗಳ ಕಷ್ಟ ಇಂಥ ನಿಧಿಗಳಿಗೆ ಬೇಗ ಅರ್ಥವಾಗುತ್ತದೆ.

ದೊಡ್ಡ ಹೆಸರುಗಳ ಹಿಂದೆ ಓಡುವ ಮೊದಲು ಆ ದಾನಿ ಕಳೆದ ಎರಡು ಮೂರು ವರ್ಷ ಯಾರಿಗೆ, ಎಷ್ಟು, ಯಾವ ಪ್ರದೇಶದಲ್ಲಿ ಕೊಟ್ಟಿದ್ದಾರೆ ಎಂದು ಅವರ ವಾರ್ಷಿಕ ವರದಿಯಲ್ಲಿ ನೋಡಿ. ಅವರು ಬಾಯಲ್ಲಿ ಹೇಳುವ ಆದ್ಯತೆಗಿಂತ ಆ ಪಟ್ಟಿ ಹೆಚ್ಚು ನಿಜ ಹೇಳುತ್ತದೆ.

### ಒಬ್ಬ ಮಹಿಳೆ ತನ್ನ ಸ್ವಂತ ವ್ಯಾಪಾರಕ್ಕೆ ಈ ಅನುದಾನ ಪಡೆಯಬಹುದೇ?

ಸಮುದಾಯ ಕಾರ್ಯಕ್ರಮದ ಅನುದಾನಗಳು ಸಾಮಾನ್ಯವಾಗಿ ಸಂಸ್ಥೆಗಳಿಗೆ ಮಾತ್ರ. ವ್ಯಕ್ತಿಗಳಿಗೆ ವಿದ್ಯಾರ್ಥಿವೇತನ, ಉದ್ಯಮ ಸಬ್ಸಿಡಿ, ಸ್ಪರ್ಧಾತ್ಮಕ ಬಹುಮಾನಗಳಂಥ ದಾರಿಗಳು ಬೇರೆ ಇವೆ. ಸಂಸ್ಥೆಯೊಂದು ತನ್ನ ಅನುದಾನದಲ್ಲಿ ಮಹಿಳೆಯರಿಗೆ ಆರಂಭಿಕ ಬಂಡವಾಳ ಹಂಚುವ ಯೋಜನೆ ಇಟ್ಟುಕೊಂಡಿದ್ದರೆ ಅದರ ಮೂಲಕವೂ ಪಡೆಯಬಹುದು.

### ನಮ್ಮ ಗುಂಪು ಇನ್ನೂ ನೋಂದಣಿಯಾಗಿಲ್ಲ. ಅರ್ಜಿ ಹಾಕಬಹುದೇ?

ನೇರವಾಗಿ ಕಷ್ಟ, ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ನೋಂದಾಯಿತ ಸಂಸ್ಥೆಯೊಂದು ನಿಮ್ಮ ಪರವಾಗಿ ಹಣ ಸ್ವೀಕರಿಸಿ ಲೆಕ್ಕ ಇಡುವ ವ್ಯವಸ್ಥೆ ಅನೇಕ ದೇಶಗಳಲ್ಲಿದೆ. ಹಾಗೆ ಮಾಡುವಾಗ ಹಣದ ಮೇಲಿನ ನಿರ್ಧಾರ ಯಾರದು, ಅವರು ಎಷ್ಟು ಶುಲ್ಕ ಹಿಡಿಯುತ್ತಾರೆ, ಮನಸ್ತಾಪ ಬಂದರೆ ಏನು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಸ್ನೇಹ ಚೆನ್ನಾಗಿರುವಾಗಲೇ ಬರೆದುಕೊಳ್ಳಬೇಕು.

ಆದರೆ ನಿಮ್ಮ ದೇಶದ ಕಾನೂನು ಇದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ವಿಚಾರಿಸಿ. ಉದಾಹರಣೆಗೆ ಭಾರತದಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ನಂತರ, ಹೊರದೇಶದಿಂದ ಬಂದ ಹಣವನ್ನು ಪಡೆದ ಸಂಸ್ಥೆ ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಬೇರೆ ದೇಶಗಳಲ್ಲಿ ಬೇರೆ ನಿಯಮಗಳಿವೆ.

### ಯಾವ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು?

ನೋಂದಣಿ ಪತ್ರ, ನಿಯಮಾವಳಿ, ಆಡಳಿತ ಮಂಡಳಿ ಸದಸ್ಯರ ಪಟ್ಟಿ, ಆಡಿಟ್ ಆದ ಲೆಕ್ಕಪತ್ರ (ಹಲವರು ಕಳೆದ ಮೂರು ವರ್ಷದ್ದು ಕೇಳುತ್ತಾರೆ), ತೆರಿಗೆ ವಿನಾಯಿತಿ ಪತ್ರ, ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಯ ವಿವರ, ಹಿಂದಿನ ಕೆಲಸದ ವರದಿ. ಮಂಡಳಿಯಲ್ಲಿ ಎಷ್ಟು ಮಹಿಳೆಯರಿದ್ದಾರೆ ಎಂದೂ ನೋಡುತ್ತಾರೆ, ನೋಡಬೇಕಾದದ್ದೇ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಕಡೆ ಇಟ್ಟಿರಿ.

### ಪ್ರಸ್ತಾವನೆಯಲ್ಲಿ ಓದುವವರು ನಿಜವಾಗಿ ಏನನ್ನು ಹುಡುಕುತ್ತಾರೆ?

ಸಮಸ್ಯೆಯನ್ನು ಪ್ರಪಂಚದ ಮಟ್ಟದಿಂದ ಶುರುಮಾಡಿ ಎರಡು ಪುಟ ಬರೆಯುವ ಚಾಳಿ ಬಹಳ ಜನರಿಗಿದೆ. ಹೆಣ್ಣುಮಕ್ಕಳ ಸ್ಥಿತಿಗತಿ ದಾನಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ನೀವು ಕೆಲಸ ಮಾಡುವ ಕಡೆಯ ಸ್ಥಿತಿ. ಎಷ್ಟು ಮಹಿಳೆಯರು, ಯಾವ ವಯಸ್ಸಿನವರು, ಈಗ ಏನು ಮಾಡಿ ಎಷ್ಟು ದುಡಿಯುತ್ತಾರೆ, ಯಾವುದು ತಡೆಯುತ್ತಿದೆ, ಇದಕ್ಕೆ ಮೊದಲು ಯಾರು ಏನು ಪ್ರಯತ್ನಿಸಿದರು, ಅದು ಎಲ್ಲಿ ನಿಂತಿತು. ಇಷ್ಟನ್ನು ಮೊದಲ ಪುಟದಲ್ಲೇ ಹೇಳಿ.

ಆಮೇಲೆ ಕಾರಣ ಮತ್ತು ಪರಿಣಾಮದ ಸರಪಳಿ. ಈ ಕೆಲಸ ಮಾಡುತ್ತೇವೆ, ಅದರಿಂದ ಇದು ಬದಲಾಗುತ್ತದೆ, ಬದಲಾದರೆ ಆದಾಯ ಹೀಗೆ ಹೆಚ್ಚುತ್ತದೆ. ಪ್ರತಿ ಕೊಂಡಿಯ ಬಳಿಯೂ "ಯಾಕೆ ಹಾಗಾಗುತ್ತದೆ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಇಲ್ಲದ ಕೊಂಡಿಯನ್ನು ಓದುವವರು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ಕೊನೆಗೆ, ಮಹಿಳೆಯರು ಈ ಯೋಜನೆಯ ರೂಪುರೇಷೆಯಲ್ಲಿ ಎಲ್ಲಿದ್ದರು? ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಕಟ್ಟಿದ, ಸ್ವಯಂ ಉದ್ಯೋಗಿ ಮಹಿಳೆಯರ ಸಂಘವಾದ 'ಸೇವಾ' (SEWA) ಎರಡೇ ವರ್ಷದಲ್ಲಿ ಸಹಕಾರಿ ಬ್ಯಾಂಕ್ ತೆರೆದದ್ದು ಹೊರಗಿನ ಸಲಹೆಗಾರರು ಸೂಚಿಸಿದ್ದರಿಂದಲ್ಲ. ಬೀದಿ ವ್ಯಾಪಾರಿಗಳು, ತಲೆಹೊರೆ ಹೊರುವವರು ತಮಗೆ ಬ್ಯಾಂಕ್ ಬೇಕೆಂದು ತಾವೇ ಕೇಳಿದ್ದರು, ಸಾವಿರಾರು ಮಂದಿ ತಾವೇ ಷೇರು ಹಣ ಹಾಕಿದ್ದರು. ನಿಮ್ಮ ಪ್ರಸ್ತಾವನೆಯಲ್ಲೂ ಅವರ ಮಾತು, ಅವರ ತೀರ್ಮಾನ, ಸಾಧ್ಯವಿದ್ದರೆ ಅವರ ಪಾಲುದಾರಿಕೆ ಕಾಣಬೇಕು.

### ಸಿಬ್ಬಂದಿಯ ಸಂಬಳ, ಕಚೇರಿ ಬಾಡಿಗೆ ತೋರಿಸಿದರೆ ಅರ್ಜಿ ತಿರಸ್ಕಾರವಾಗುತ್ತದೆಯೇ?

ಆಗಬಾರದು. ಆದರೂ ಈ ಹೆದರಿಕೆಯಿಂದ ಸಂಸ್ಥೆಗಳು ಖರ್ಚನ್ನು ಮುಚ್ಚಿಡುತ್ತವೆ, ಮತ್ತೆ ಕಾರ್ಯಕರ್ತೆಯರ ಸಂಬಳವನ್ನೇ ಕತ್ತರಿಸುತ್ತವೆ. ಮಹಿಳೆಯರಿಗೆ ನ್ಯಾಯವಾದ ಆದಾಯ ಸಿಗಬೇಕೆಂದು ಹೊರಟ ಕಾರ್ಯಕ್ರಮ ತನ್ನಲ್ಲೇ ದುಡಿಯುವ ಹೆಣ್ಣುಮಗಳಿಗೆ ಗೌರವಧನದ ಹೆಸರಿನಲ್ಲಿ ಪುಡಿಗಾಸು ಕೊಡುವುದನ್ನು ನಾವು ಒಪ್ಪುವುದಿಲ್ಲ.

ಆಡಳಿತ ವೆಚ್ಚಕ್ಕೆ ಮಿತಿಗಳು ಇರುವುದು ನಿಜ. ಅಮೆರಿಕದ ಫೆಡರಲ್ ಅನುದಾನಗಳಲ್ಲಿ, ಸರ್ಕಾರದ ಜೊತೆ ಪ್ರತ್ಯೇಕ ದರ ನಿಗದಿ ಮಾಡಿಕೊಳ್ಳದ ಸಂಸ್ಥೆಗಳು ತೋರಿಸಬಹುದಾದ ಪರೋಕ್ಷ ವೆಚ್ಚದ (ಕಚೇರಿ ಬಾಡಿಗೆ, ಲೆಕ್ಕಪತ್ರದಂಥ ಸಾಮಾನ್ಯ ಖರ್ಚಿನ) ಮಿತಿಯನ್ನು 2024ರ ಅಕ್ಟೋಬರ್‌ನಿಂದ ಶೇ. 10ರಿಂದ ಶೇ. 15ಕ್ಕೆ ಏರಿಸಲಾಯಿತು. ಭಾರತದಲ್ಲಿ ವಿದೇಶಿ ದೇಣಿಗೆಯಿಂದ ಆಡಳಿತಕ್ಕೆ ಬಳಸಬಹುದಾದ ಮಿತಿಯನ್ನು 2020ರಲ್ಲಿ ಶೇ. 50ರಿಂದ ಶೇ. 20ಕ್ಕೆ ಇಳಿಸಲಾಯಿತು. ದಾನಿಯ ಮಿತಿಯನ್ನು ಮೊದಲು ಓದಿ. ಕ್ಷೇತ್ರದಲ್ಲಿ ಕೆಲಸ ಮಾಡುವ ಕಾರ್ಯಕರ್ತೆಯ ಸಂಬಳ ಅನೇಕ ಕಡೆ ಕಾರ್ಯಕ್ರಮದ ನೇರ ವೆಚ್ಚವಾಗಿಯೇ ಲೆಕ್ಕಕ್ಕೆ ಬರುತ್ತದೆ. ಸರಿಯಾದ ಬಾಬ್ತಿನಲ್ಲಿ ಬರೆಯುವುದನ್ನು ಕಲಿತರೆ ಮುಚ್ಚಿಡುವ ಅಗತ್ಯವೇ ಬೀಳುವುದಿಲ್ಲ.

### "ನಿಮ್ಮ ಪಾಲು ಎಷ್ಟು?" ಎಂದು ಕೇಳುತ್ತಾರೆ. ನಮ್ಮಲ್ಲಿ ಹಣವೇ ಇಲ್ಲವಲ್ಲ?

ನಗದೇ ಆಗಬೇಕೆಂದು ಎಲ್ಲರೂ ಹೇಳುವುದಿಲ್ಲ. ಸ್ವಯಂಸೇವಕರ ಸಮಯ, ಉಚಿತವಾಗಿ ಸಿಕ್ಕ ಸಭಾಂಗಣ, ಎರವಲು ಪಡೆದ ಯಂತ್ರಗಳನ್ನು ಬೆಲೆ ಕಟ್ಟಿ ತೋರಿಸಲು ಹಲವರು ಒಪ್ಪುತ್ತಾರೆ. ಬೆಲೆ ಕಟ್ಟಿದ ರೀತಿಗೆ ಆಧಾರ ಇಟ್ಟುಕೊಳ್ಳಿ, ಹಾಜರಾತಿ ಪುಸ್ತಕ ಬರೆಯಿರಿ. ಪಾಲು ತೋರಿಸಲೆಂದು ಬಡ ಮಹಿಳೆಯರಿಂದ ವಂತಿಗೆ ಎತ್ತುವುದು ಮಾತ್ರ ಬೇಡ.

### ಮನೆಯಲ್ಲಿ ಹಿಂಸೆ ಇರುವ ಮಹಿಳೆಯರ ವಿಷಯದಲ್ಲಿ ಏನು ಎಚ್ಚರ ಬೇಕು?

ಕೈಗೆ ಹಣ ಬಂದ ಕೂಡಲೇ ಹಿಂಸೆ ನಿಲ್ಲುತ್ತದೆ ಎಂಬ ಭರವಸೆ ಇಲ್ಲ. ಕೆಲವು ಮನೆಗಳಲ್ಲಿ ಅವಳ ಗಳಿಕೆಯೇ ಹೊಸ ಜಗಳಕ್ಕೆ ಕಾರಣವಾಗುತ್ತದೆ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ ಕಿರುಸಾಲದ ಸಭೆಗಳ ಜೊತೆಯಲ್ಲೇ ಲಿಂಗ ಸಂಬಂಧಗಳು, ಹಿಂಸೆ, ಎಚ್‌ಐವಿ ಕುರಿತ ಕಲಿಕೆಯನ್ನು ಸೇರಿಸಿದ ಕಾರ್ಯಕ್ರಮವೊಂದು ನಡೆಯಿತು. ಸಂಗಾತಿಯಿಂದಾಗುವ ಹಿಂಸೆ ಭಾಗವಹಿಸಿದವರಲ್ಲಿ ಶೇ. 55ರಷ್ಟು ಕಡಿಮೆಯಾಗಿತ್ತು ಎಂದು 2006ರಲ್ಲಿ ವರದಿಯಾಯಿತು. ಹಣ ಮತ್ತು ಮಾತುಕತೆ ಎರಡೂ ಒಟ್ಟಿಗೆ ನಡೆದದ್ದು ಅಲ್ಲಿನ ವಿಶೇಷ.

ನಿಮ್ಮ ಯೋಜನೆಯಲ್ಲಿ ಕನಿಷ್ಠ ಇಷ್ಟಿರಲಿ: ಸಹಾಯವಾಣಿ ಮತ್ತು ಆಶ್ರಯ ಕೇಂದ್ರದ ಜೊತೆ ಮೊದಲೇ ಮಾಡಿಕೊಂಡ ಒಪ್ಪಂದ, ಗೋಪ್ಯವಾಗಿ ದೂರು ಹೇಳುವ ದಾರಿ, ತರಬೇತಿ ಪಡೆದ ಒಬ್ಬ ಕಾರ್ಯಕರ್ತೆ, ಹಿಂಸೆಗೆ ಒಳಗಾದವಳ ಫೋನು ಮತ್ತು ವಿಳಾಸವನ್ನು ಯಾರಿಗೂ ಬಿಟ್ಟುಕೊಡದ ಶಿಸ್ತು. ಗಂಡಸರನ್ನು ಮಾತುಕತೆಗೆ ಕರೆಯಬೇಕೇ ಎಂಬ ಪ್ರಶ್ನೆಗೆ, ಮಹಿಳೆಯರು ಬೇಕೆಂದರೆ ಮಾತ್ರ ಕರೆಯಿರಿ, ಅವರು ಹೇಳಿದ ರೀತಿಯಲ್ಲೇ ಕರೆಯಿರಿ.

### ದಾನಿಗೆ ಕೊಡುವ ವರದಿಗೆ ಮಹಿಳೆಯರ ಫೋಟೊ, ಕಥೆ ಕೊಡಲೇಬೇಕೇ?

ಒಪ್ಪಿಗೆ ಇಲ್ಲದೆ ಕೊಡಬಾರದು. ಎಲ್ಲಿ ಪ್ರಕಟವಾಗುತ್ತದೆ, ಯಾರು ನೋಡುತ್ತಾರೆ ಎಂದು ತಿಳಿಸಿ, ಬೇಡ ಎಂದರೂ ನೆರವು ನಿಲ್ಲುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿದ ಮೇಲೆ ಸಿಕ್ಕ ಒಪ್ಪಿಗೆಯೇ ಒಪ್ಪಿಗೆ. ಹೆಸರು ಬದಲಿಸಿ, ಮುಖ ಕಾಣದಂತೆ ಕೈಕೆಲಸದ ಚಿತ್ರ ಹಾಕಿದರೂ ವರದಿಯ ಬೆಲೆ ಕಡಿಮೆಯಾಗುವುದಿಲ್ಲ. ಅವಳ ಕಣ್ಣೀರನ್ನು ಮಾರಿ ಹಣ ತರುವುದು ಬೇಡ.

### ಫಲಿತಾಂಶವನ್ನು ಹೇಗೆ ಅಳೆಯುವುದು? ನಮ್ಮಲ್ಲಿ ಸಂಶೋಧಕರಿಲ್ಲ.

ಸಂಶೋಧಕರು ಬೇಕಿಲ್ಲ, ಶಿಸ್ತು ಬೇಕು. ಕಾರ್ಯಕ್ರಮ ಶುರುವಾಗುವ ಮೊದಲೇ ಮೂಲ ಸಮೀಕ್ಷೆ ಮಾಡಿ. ಆಮೇಲೆ ಮಾಡುತ್ತೇವೆ ಎಂದರೆ ಹೋಲಿಸಲು ಏನೂ ಉಳಿದಿರುವುದಿಲ್ಲ. "120 ಮಂದಿಗೆ ತರಬೇತಿ" ಎಂಬುದು ನೀವು ಮಾಡಿದ ಕೆಲಸದ ಎಣಿಕೆ. ಆರು ತಿಂಗಳ ನಂತರ ಅವರಲ್ಲಿ ಎಷ್ಟು ಮಂದಿ ದುಡಿಯುತ್ತಿದ್ದಾರೆ, ಎಷ್ಟು ಗಳಿಸುತ್ತಾರೆ, ಗಳಿಕೆ ಯಾರ ಕೈಗೆ ಹೋಗುತ್ತದೆ, ಇದಕ್ಕಾಗಿ ಅವರು ದಿನಕ್ಕೆ ಎಷ್ಟು ಗಂಟೆ ಹೆಚ್ಚು ದುಡಿಯಬೇಕಾಯಿತು ಎಂಬುದು ಫಲಿತಾಂಶ. ಕೊನೆಯ ಪ್ರಶ್ನೆಯನ್ನು ದಾನಿಗಳು ಕೇಳುವುದು ಅಪರೂಪ. ಕೇಳದಿದ್ದರೂ ನೀವು ಬರೆದಿಡಿ. ಆದಾಯ ಸ್ವಲ್ಪ ಏರಿ ನಿದ್ದೆಯೇ ಹಾರಿಹೋಗಿದ್ದರೆ ಅದನ್ನು ಯಶಸ್ಸು ಎನ್ನುವುದು ಹೇಗೆ?

ಹೀಗೆ ಅಳೆಯುವ ಸೂಚಕಗಳು ನಾಲ್ಕೈದಿದ್ದರೆ ಧಾರಾಳವಾಯಿತು. ಮೂವತ್ತು ಇಟ್ಟುಕೊಂಡವರು ಯಾವುದನ್ನೂ ಸರಿಯಾಗಿ ಅಳೆಯುವುದಿಲ್ಲ.

### ಮಧ್ಯದಲ್ಲಿ ಯೋಜನೆ ಬದಲಿಸಬೇಕಾದರೆ?

ಖರ್ಚು ಮಾಡುವ ಮೊದಲೇ ದಾನಿಗೆ ಬರೆಯಿರಿ. ಕಾರಣ, ಹೊಸ ಬಜೆಟ್, ಹೊಸ ದಿನಾಂಕ ಕೊಟ್ಟು ಕೇಳಿದರೆ ಒಪ್ಪದಿರುವುದು ಕಡಿಮೆ. ಕೇಳದೆ ಬದಲಿಸಿ ಕೊನೆಯ ವರದಿಯಲ್ಲಿ ಹೇಳಿದರೆ ಹಣ ವಾಪಸ್ ಕೊಡಬೇಕಾಗಬಹುದು, ನಂಬಿಕೆಯೂ ಹೋಗುತ್ತದೆ. ಕೆಟ್ಟ ಸುದ್ದಿಯನ್ನು ಬೇಗ ತಿಳಿಸುವ ಸಂಸ್ಥೆಯನ್ನು ಒಳ್ಳೆಯ ದಾನಿಗಳು ಗೌರವಿಸುತ್ತಾರೆ.

### ಅರ್ಜಿ ತಿರಸ್ಕೃತವಾಯಿತು. ಮುಂದೇನು?

ಧನ್ಯವಾದ ಹೇಳಿ, ಕಾರಣ ಕೇಳಿ. ಎಲ್ಲರೂ ಹೇಳುವುದಿಲ್ಲ, ಹೇಳಿದವರ ಮಾತು ಅಮೂಲ್ಯ. ಹಣದ ಮಿತಿಯಿಂದ ಬಿಟ್ಟುಹೋದ ಅರ್ಜಿಯನ್ನು ಮುಂದಿನ ಸುತ್ತಿಗೆ ತಿದ್ದಿ ಕಳಿಸಬಹುದು. ದಾನಿಯ ಆದ್ಯತೆಗೇ ಹೊಂದದ ಅರ್ಜಿಯಾದರೆ ಮತ್ತೆ ಅಲ್ಲಿಗೇ ಕಳಿಸಬೇಡಿ.

### ಅನುದಾನ ಕೊಡಿಸುತ್ತೇವೆ, ಮುಂಗಡ ಶುಲ್ಕ ಕಟ್ಟಿ ಎಂದು ಸಂದೇಶ ಬಂದಿದೆ. ನಂಬಬಹುದೇ?

ನಂಬಬೇಡಿ. ಅನುದಾನ ಬಿಡುಗಡೆ ಮಾಡಲು ಹಣ ಕಟ್ಟಿ, ಒಟಿಪಿ ಹೇಳಿ ಎಂದು ಕೇಳುವವರು ವಂಚಕರು. ದಾನಿ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿರುವ ಸಂಖ್ಯೆಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಸಿಕ್ಕ ಮೊತ್ತದಲ್ಲಿ ಇಷ್ಟು ಪಾಲು ಕೊಡಿ ಎನ್ನುವ ಪ್ರಸ್ತಾವನೆ ಬರಹಗಾರರಿಂದಲೂ ದೂರವಿರಿ. ಬರೆದ ಕೆಲಸಕ್ಕೆ ನಿಗದಿತ ಸಂಭಾವನೆ ಕೊಡುವುದು ಬೇರೆ ಮಾತು.

### ಅನುದಾನ ಮುಗಿದ ಮೇಲೆ ಕಾರ್ಯಕ್ರಮ ಏನಾಗಬೇಕು?

ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಿಕೊಳ್ಳಿ. ಅಮೆರಿಕ ಸರ್ಕಾರ 2025ರ ಜನವರಿಯಲ್ಲಿ ವಿದೇಶಿ ನೆರವನ್ನು ತಡೆಹಿಡಿದು, ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ತನ್ನ ಸಂಸ್ಥೆ ಯುಎಸ್ಏಡ್ ಅನ್ನು ಮುಚ್ಚಿದಾಗ, ಆ ಒಂದೇ ಮೂಲವನ್ನು ನೆಚ್ಚಿಕೊಂಡಿದ್ದ ಕೆಲಸಗಳು ಹಲವು ದೇಶಗಳಲ್ಲಿ ಏಕಾಏಕಿ ನಿಂತವು. ಒಬ್ಬರೇ ದಾನಿಯ ಮೇಲೆ ನಿಂತ ಸಂಸ್ಥೆ ಒಂಟಿ ಕಂಬದ ಚಪ್ಪರ.

ಎಲ್ಲ ಕಾರ್ಯಕ್ರಮಗಳೂ ಶಾಶ್ವತವಾಗಿ ನಡೆಯಬೇಕೆಂದೇನಿಲ್ಲ. ಸಂಸ್ಥೆ ಹೊರಟುಹೋದ ಮೇಲೂ ಮಹಿಳೆಯರ ಬಳಿ ಏನು ಉಳಿಯುತ್ತದೆ ಎಂಬುದು ಮುಖ್ಯ. ನೈಜರ್ ದೇಶದಲ್ಲಿ ಕೇರ್ ಸಂಸ್ಥೆ 1991ರಲ್ಲಿ ಆರಂಭಿಸಿದ ಹಳ್ಳಿ ಉಳಿತಾಯ ಗುಂಪುಗಳಲ್ಲಿ ಹೊರಗಿನ ಬಂಡವಾಳ ಇರಲೇ ಇಲ್ಲ. ಮಹಿಳೆಯರು ತಮ್ಮದೇ ಉಳಿತಾಯವನ್ನು ಕೂಡಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಂಡು, ಅವಧಿ ಮುಗಿದಾಗ ಲಾಭಸಮೇತ ಹಂಚಿಕೊಂಡರು. ಅನುದಾನ ಖರ್ಚಾದದ್ದು ಗುಂಪು ನಡೆಸುವುದನ್ನು ಕಲಿಸಲು. ಕಲಿತವರು ಇನ್ನಷ್ಟು ಗುಂಪುಗಳನ್ನು ಕಟ್ಟಿದರು, ಆ ಪದ್ಧತಿ ಹತ್ತಾರು ದೇಶಗಳಿಗೆ ಹಬ್ಬಿತು. ನಿಮ್ಮ ಯಂತ್ರಗಳು ಯಾರ ಹೆಸರಿನಲ್ಲಿರುತ್ತವೆ, ಲೆಕ್ಕ ಬರೆಯುವುದನ್ನು ಎಷ್ಟು ಮಂದಿ ಕಲಿತಿರುತ್ತಾರೆ, ಖರೀದಿದಾರರ ಜೊತೆ ಮಾತಾಡುವುದು ಸಂಸ್ಥೆಯೋ ಮಹಿಳೆಯರೋ ಎಂಬುದಕ್ಕೆ ಪ್ರಸ್ತಾವನೆಯಲ್ಲೇ ಉತ್ತರ ಬರೆಯಿರಿ.

### ಕೊನೆಯ ದಿನಾಂಕಕ್ಕೆ ಎಷ್ಟು ಮುಂಚೆ ಕೆಲಸ ಶುರುಮಾಡಬೇಕು?

ಕನಿಷ್ಠ ಎರಡು ತಿಂಗಳು. ಮೊದಲ ಕೆಲವು ವಾರ ಮಹಿಳೆಯರ ಜೊತೆ ಮಾತುಕತೆಗೆ, ಆಮೇಲೆ ಪಾಲುದಾರರ ಒಪ್ಪಿಗೆ ಪತ್ರಗಳಿಗೆ, ನಂತರ ಬಜೆಟ್ ಮತ್ತು ಬರವಣಿಗೆಗೆ. ಬರೆದದ್ದನ್ನು ಈ ಕೆಲಸದ ಗಂಧಗಾಳಿ ಇಲ್ಲದ ಒಬ್ಬರಿಗೆ ಓದಲು ಕೊಡಿ. ಅವರಿಗೆ ಅರ್ಥವಾಗದ ಸಾಲುಗಳನ್ನು ತಿದ್ದಿ. ಆನ್‌ಲೈನ್ ಪೋರ್ಟಲ್‌ಗಳು ಕೊನೆಯ ದಿನ ಕೈಕೊಡುವುದು ಮಾಮೂಲು, ಹಾಗಾಗಿ ಎರಡು ದಿನ ಮೊದಲೇ ಸಲ್ಲಿಸಿ, ಸ್ವೀಕೃತಿ ಸಂಖ್ಯೆಯನ್ನು ತೆಗೆದಿಟ್ಟುಕೊಳ್ಳಿ.